ಮಡಿಚಿದರೆ ಗಂಟು, ಬಿಚ್ಚಿದರೆ ವಾಹನ

ಲಂಡನ್ ನಗರದ ಸೌತ್ ಕೆನ್ಸಿಂಗ್‌ಟನ್ ಬಡಾವಣೆಯಲ್ಲಿ, ಪ್ರಸಿದ್ಧವಾದ ವಸ್ತುಸಂಗ್ರಹಾಲಯಗಳ ನೆರೆಯಲ್ಲಿಯೇ, ಎತ್ತರದ ಗುಮ್ಮಟವುಳ್ಳ ಚರ್ಚೊಂದಿದೆ. ಅದರ ಹೆಸರು ಬ್ರಾಂಪ್ಟನ್ ಆರೇಟರಿ. 1970ರ ದಶಕದ ಮಧ್ಯದಲ್ಲಿ ಅದಕ್ಕೆ ಎದುರಾದ ಮನೆಯೊಂದರಲ್ಲಿ ಆಂಡ್ರ್ಯೂ ರಿಚಿ ಎಂಬ ಎಂಜಿನಿಯರರು ಮಲಗುವ ಕೋಣೆಯನ್ನೇ ಕಾರ್ಯಾಗಾರವಾಗಿಸಿಕೊಂಡು ಮಡಿಚುವ ಸೈಕಲ್ಲೊಂದನ್ನು ರೂಪಿಸಿದರು. ಚರ್ಚಿನ ಹೆಸರೇ ಸೈಕಲ್ಲಿಗೂ ನಿಂತಿತು.

ಬೆಳಗಿನ ಹೊತ್ತು ವಾಟರ್‌ಲೂ ರೈಲು ನಿಲ್ದಾಣದಲ್ಲಿ ಈ ಸೈಕಲ್ಲನ್ನು ಕೈಗಂಟಿನಂತೆ ಹಿಡಿದು ಇಳಿಯುವವರನ್ನು ಕಾಣಬಹುದು. ಜನಸಂದಣಿಯ ವೇಳೆಯಲ್ಲಿ ದೊಡ್ಡ ಸೈಕಲ್ಲಿಗೆ ಅನೇಕ ರೈಲುಗಳಲ್ಲಿ ಪ್ರವೇಶವಿಲ್ಲ. ಮಡಿಚಿದ ಸೈಕಲ್ಲು ಕೇವಲ ಸಾಮಾನೆಂದು ಒಳಗೆ ಹೋಗುತ್ತದೆ. ಹಿಂಗಾಲಿಯು ಚೌಕಟ್ಟಿನ ಕೆಳಗೆ ಮಗುಚಿಕೊಳ್ಳುತ್ತದೆ, ಮುಂಗಾಲಿಯು ಅದರ ಪಕ್ಕಕ್ಕೆ ಬರುತ್ತದೆ. ಎಣ್ಣೆಯ ಚೈನು ಎರಡು ಗಾಲಿಗಳ ನಡುವೆ ಅಡಗುವುದರಿಂದ ಉಡುಪಿಗೆ ಮಸಿ ತಗಲದು. ಹೀಗೆ ಮಡಿಚಿದಾಗ ದಪ್ಪ ಸುಮಾರು 27 ಸೆಂಟಿಮೀಟರು ಮಾತ್ರ.

ಈ ಅಳತೆಯೇ ಬಿಡಿಭಾಗಗಳ ಆಯ್ಕೆಗೆ ಮೊದಲನೆಯ ಒರೆಗಲ್ಲು. ಎಡಗಡೆಯ ಪೆಡಲನ್ನು ಮಡಿಚುವಂತೆ ಮಾಡಿರುವುದು ಇದಕ್ಕಾಗಿಯೇ. ಕಾಲಿಗೆ ಹಿತವೆಂದು ಅಗಲವಾದ ಪೆಡಲನ್ನು ಹಾಕಿಸಿದವನು, ಅದು ಕೈಯಿಂದ ಕಳಚಲು ಬಾರದಿದ್ದರೆ, ರೈಲಿನ ಇಕ್ಕಟ್ಟಿನಲ್ಲಿ ನೆರೆಯವರ ಮೊಣಕಾಲಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಎರಡನೆಯ ಒರೆಗಲ್ಲು ದಾರಿ. ವಾಟರ್‌ಲೂವಿನಿಂದ ರೈಲು ಹತ್ತಿ ದಕ್ಷಿಣಕ್ಕೆ ಸಾಗಿದರೆ ಸರ್ರಿ ಪ್ರಾಂತದ ಬಾಕ್ಸ್ ಹಿಲ್ ಎಂಬ ಸುಣ್ಣಕಲ್ಲಿನ ಬೆಟ್ಟ ಸಿಗುತ್ತದೆ. ಎತ್ತರ 224 ಮೀಟರು. ಬುಡದಲ್ಲಿ ಮೋಲ್ ನದಿ ಹರಿಯುತ್ತದೆ, ಇಳಿಜಾರಿನಲ್ಲಿ ಬೆಟ್ಟಕ್ಕೆ ಹೆಸರು ಕೊಟ್ಟ ಬಾಕ್ಸ್ ಮರಗಳಿವೆ. 2012ರ ಒಲಿಂಪಿಕ್ಸ್‌ನಲ್ಲಿ ಪುರುಷರ ಸೈಕಲ್ ಪಂದ್ಯವು ಈ ಬೆಟ್ಟದ ಅಂಕುಡೊಂಕು ದಾರಿಯನ್ನು ಒಂಬತ್ತು ಬಾರಿ ಏರಿತು. ಸಾಮಾನ್ಯ ಪ್ರವಾಸಿಗೆ ಒಂದು ಬಾರಿ ಏರಿದರೂ ಧನ್ಯತೆ!

ಇಲ್ಲಿ ಗೇರಿನ ಗಣಿತ ತಲೆದೋರುತ್ತದೆ. ದೊಡ್ಡ ಗಾಲಿ ಒಂದು ಸುತ್ತಿಗೆ ಸುಮಾರು 2.1 ಮೀಟರು ಸಾಗಿದರೆ ಈ ಪುಟ್ಟ ಗಾಲಿ ಸಾಗುವುದು ಸುಮಾರು 1.3 ಮೀಟರು. ಕೊರತೆಯನ್ನು ತುಂಬಲು ಮುಂದೆ 50 ಹಲ್ಲಿನ ದೊಡ್ಡ ಚಕ್ರವನ್ನು ಕೂಡಿಸುತ್ತಾರೆ. ಹಿಂದೆ 13 ಹಲ್ಲಿದ್ದು, ಹಬ್‌ನೊಳಗೆ ಮೂರು ಗೇರುಗಳಿದ್ದರೆ, ನಡುವಣ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಸುಮಾರು 5 ಮೀಟರು, ಕೆಳಗಿನದರಲ್ಲಿ 3.8 ಮೀಟರು ದಾರಿ ಸಾಗುತ್ತದೆ. ನಗರದ ಸಮನೆಲಕ್ಕೆ ಇದು ಸೊಗಸು, ಏರಿಗೆ ಭಾರ. ಮುಂದಿನ ಚಕ್ರವನ್ನು 44 ಹಲ್ಲಿನದಕ್ಕೆ ಬದಲಿಸಿದರೆ ಕೆಳಗಿನ ಗೇರು 3.3 ಮೀಟರಿಗೆ ಇಳಿದು ತೊಡೆಗಳಿಗೆ ಉಸಿರು ಬರುತ್ತದೆ. ಬಯಲಿನಲ್ಲಿ ವೇಗ ತುಸು ತಗ್ಗುವುದೇ ಅದಕ್ಕೆ ತೆರಬೇಕಾದ ಸುಂಕ. ಹಬ್‌ನೊಳಗೆ ಅಡಗಿದ ಗೇರು ಮಡಿಚುವಾಗ ಪೆಟ್ಟು ತಿನ್ನದೆಂಬುದು ಇನ್ನೊಂದು ಲಾಭ.

ಮೂರನೆಯ ಒರೆಗಲ್ಲನ್ನು ಅನೇಕರು ಮರೆಯುತ್ತಾರೆ: ಕೆಟ್ಟರೆ ದೊರೆಯುವುದೆಲ್ಲಿ? ಬ್ರಾಂಪ್ಟನ್ನಿನ ಮೂಲ ಮಾದರಿಯ ಟೈರನ್ನು 16 ಇಂಚಿನದೆಂದು ಕರೆಯುತ್ತಾರೆ. ಮಕ್ಕಳ ಸೈಕಲ್ಲಿನ ಟೈರೂ 16 ಇಂಚೇ. ಆದರೆ ಮೊದಲನೆಯದು ಕೂರುವ ರಿಮ್ಮಿನ ವ್ಯಾಸ 349 ಮಿಲಿಮೀಟರು, ಎರಡನೆಯದರದು ಸಾಮಾನ್ಯವಾಗಿ 305. ಒಂದು ಇನ್ನೊಂದಕ್ಕೆ ಸರ್ವಥಾ ಕೂಡದು. ಹೆಸರನ್ನು ನಂಬಿ ದೂರದ ಊರಿನ ಅಂಗಡಿಗೆ ಹೋದವನು ಬರಿಗೈಯಲ್ಲಿ ಮರಳಬೇಕಾದೀತು. 20 ಇಂಚಿನಲ್ಲಿಯೂ 406 ಮತ್ತು 451 ಎಂಬ ಎರಡು ಜಾತಿಗಳುಂಟು. 406 ಮಾತ್ರ ಬಹುತೇಕ ದೇಶಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಆದುದರಿಂದ ದೂರ ದೇಶ ಸುತ್ತುವವರಲ್ಲಿ ಹಲವರು, ಗಂಟು ತುಸು ದೊಡ್ಡದಾದರೂ ಚಿಂತೆಯಿಲ್ಲವೆಂದು, ಅದನ್ನೇ ಆರಿಸುತ್ತಾರೆ. ಪುಟ್ಟ ಗಾಲಿಯನ್ನೇ ನೆಚ್ಚಿದವರು ಒಂದು ಟೈರು, ಎರಡು ಟ್ಯೂಬು ಮತ್ತು ಹಿಂಗಾಲಿಯ ನಟ್ಟು ಬಿಚ್ಚುವ 15 ಮಿಲಿಮೀಟರಿನ ಸ್ಪ್ಯಾನರನ್ನು ಚೀಲದಲ್ಲಿಟ್ಟುಕೊಳ್ಳುವುದು ಲೇಸು.

ಬೆಲೆಯ ಪಟ್ಟಿಯಲ್ಲಿ ಮೇಲಿರುವ ಭಾಗವೇ ಪ್ರಯಾಣಕ್ಕೆ ಮೇಲೆಂದು ಬಗೆಯಲಾಗದು. ರೈಲಿನ ಬಾಗಿಲು, ಬೆಟ್ಟದ ಏರು, ಅಪರಿಚಿತ ಊರಿನ ಪುಟ್ಟ ಅಂಗಡಿ, ಈ ಮೂರನ್ನೂ ದಾಟಬಲ್ಲ ಸೈಕಲ್ಲೇ ತನ್ನ ಸವಾರನನ್ನು ಸಂಜೆಯ ರೈಲಿಗೆ ತಲಪಿಸುತ್ತದೆ.