ಮೂವತ್ತೊಂದೋ, ಒಂದೋ?

ಮನುಷ್ಯನಿಗೆ ಕೈಗಳು ಎರಡು. ಅವುಗಳಲ್ಲಿ ವಾಚು ಕಟ್ಟುವ ಕೈ ಒಂದೇ. ಈ ಲೆಕ್ಕವನ್ನು ಎರಡನೆಯ ತರಗತಿಯ ಮಗುವೂ ತಪ್ಪಿಲ್ಲದೆ ಮಾಡೀತು. ಹಾಗಿದ್ದರೂ ಆ ಮಗುವಿಗೆ ಲೆಕ್ಕ ಕಲಿಸುವ ಉಪಾಧ್ಯಾಯನಾದ ನಾನು ಆರು ವರ್ಷಗಳಲ್ಲಿ 31 ಕೈಗಡಿಯಾರಗಳನ್ನು ಕೂಡಿಹಾಕಿದೆನೆಂದರೆ ವಾಚಕರು ನಗುವುದು ಸಹಜವೇ ಆಗಿದೆ. ನಗಲಿ; ನಾನೂ ಈಗ ಒಮ್ಮೊಮ್ಮೆ ನಗುತ್ತೇನೆ. ಆದರೆ ಅವನ್ನೆಲ್ಲ ಮಾರಿ ಹೆಸರಾಂತ ವಾಚೊಂದನ್ನೇ ಕೊಳ್ಳಬೇಕೆಂದು ಹೊರಟ ದಿನಗಳಲ್ಲಿ ನನಗೆ ನಗು ಬಂದಿರಲಿಲ್ಲ. ಹಲವು ಬೇಕೋ, ಹಿರಿದಾದ ಒಂದು ಬೇಕೋ ಎಂಬ ಪ್ರಶ್ನೆ ಎಷ್ಟೋ ರಾತ್ರಿ ನನ್ನ ನಿದ್ದೆಯನ್ನು ಕೆಡಿಸಿತ್ತು. ಆ ಕಥೆಯನ್ನೇ ಇಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ತಂದೆಯವರೂ ಹೊಸೂರು ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದವರು. 1983 ರಲ್ಲಿ ಅವರ ಮದುವೆಯಾದಾಗ ನನ್ನ ತಾಯಿಯ ತಂದೆ ಅಳಿಯನ ಕೈಗೆ ಎಚ್.ಎಂ.ಟಿ. ಜನತಾ ವಾಚೊಂದನ್ನು ಕಟ್ಟಿದರು. ಅಂದಿನ ದಿನಗಳಲ್ಲಿ ಮದುಮಗನಿಗೆ ವಾಚು ಕೊಡುವುದೆಂದರೆ ಮಾವನ ಮನೆಯ ಮರ್ಯಾದೆಯ ಮಾತು. ಬೆಳಿಗ್ಗೆ ಸ್ನಾನ ಮುಗಿಸಿ, ದೇವರಿಗೆ ಕೈಮುಗಿದು, ಅದಕ್ಕೆ ಕೀ ಕೊಟ್ಟು ಕಟ್ಟಿಕೊಂಡ ಮೇಲೆಯೇ ತಂದೆಯವರು ಮನೆಯ ಹೊಸಿಲು ದಾಟುತ್ತಿದ್ದರು. ಅವರ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದುದು ಆ ವಾಚನ್ನು ನೋಡಿಯೇ. ಅವರು ತೀರಿಕೊಂಡ ಮೇಲೆ ವಾಚು ನನ್ನ ಪಾಲಿಗೆ ಬಂದಿತು. ನನ್ನ ಹವ್ಯಾಸಕ್ಕೆ ಬೀಜ ಬಿದ್ದುದು ಅಲ್ಲಿ.

ಒಂದು ವಾಚಿನ ಹಿಂದೆ ಹೊರಟವನಿಗೆ ಅದರ ವಂಶಾವಳಿಯೂ ಬೇಕಾಯಿತು. ಬೆಂಗಳೂರಿನಲ್ಲಿ 1953 ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಮಷಿನ್ ಟೂಲ್ಸ್ ಸಂಸ್ಥೆಯು 1961 ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರಗಳನ್ನು ತಯಾರಿಸತೊಡಗಿತು. 1978 ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಎದ್ದಿತು. ಜನತಾ ವಾಚು ಕೀ ಕೊಡುವ ಜಾತಿಯದು. ಅದರೊಳಗೆ 17 ಹರಳುಗಳಿವೆ. ಅದರ ಬ್ಯಾಲೆನ್ಸ್ ಚಕ್ರವು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಆಡುತ್ತದೆ. ಮುಂದೆ 1984 ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಕೂಡಿ ಟೈಟನ್ ಸಂಸ್ಥೆಯನ್ನು ಕಟ್ಟಿದವು. ಅದರ ಕಾರ್ಖಾನೆ ಬಂದುದು ನಮ್ಮ ಹೊಸೂರಿಗೇ. ಅದು ಹರಡಿದ ಕ್ವಾರ್ಟ್ಸ್ ವಾಚಿಗೆ ಕೀ ಬೇಡ, ಸೆಲ್ ಸಾಕು. ಅದರೊಳಗಿನ ಹರಳಿನ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ವಿದ್ಯಾರ್ಥಿಗಳು 1 ನ್ನು 15 ಸಲ ಇಮ್ಮಡಿ ಮಾಡುತ್ತ ಹೋಗಲಿ, ಆ ಸಂಖ್ಯೆ ತಾನಾಗಿ ದೊರೆಯುವುದು. ಐದಕ್ಕೂ ಮೂವತ್ತೆರಡು ಸಾವಿರಕ್ಕೂ ನಡೆದ ಓಟದಲ್ಲಿ ಐದು ಸೋತದ್ದು ಆಶ್ಚರ್ಯವೇನಲ್ಲ. 2016 ರಲ್ಲಿ ಕೇಂದ್ರ ಸರ್ಕಾರವು ಎಚ್.ಎಂ.ಟಿ.ಯ ವಾಚು ವಿಭಾಗವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಮನೆಮನೆಯ ಪೆಟ್ಟಿಗೆಗಳಲ್ಲಿ ಮಲಗಿದ್ದ ಹಳೆಯ ವಾಚುಗಳು ಒಂದೊಂದಾಗಿ ರಿಪೇರಿ ಅಂಗಡಿಗಳಿಗೂ ಸಂತೆಗಳಿಗೂ ಬಂದವು.

ಅವನ್ನು ಕೊಂಡವರಲ್ಲಿ ನಾನೂ ಒಬ್ಬ. ಮುನ್ನೂರು ರೂಪಾಯಿಗೊಂದು, ಐನೂರಕ್ಕೊಂದು, ಬಹಳವಾದರೆ ಸಾವಿರದೈನೂರಕ್ಕೊಂದು. ಕಪ್ಪು ಮುಖದ ಪೈಲಟ್, ತೆಳುವಾದ ಸೋನಾ, ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಕಾಂಚನ, 24 ಗಂಟೆಗಳ ಅಂಕಿಗಳನ್ನು ಹೊತ್ತ ಜವಾನ್, ಡಯಲಿನ ಮೇಲೆ ನಾಗರಿ ಲಿಪಿಯಲ್ಲಿ ಹೆಸರು ಬರೆಸಿಕೊಂಡ ಜನತಾ. ಹೀಗೆ ತಗಡಿನ ಟ್ರಂಕು ತುಂಬುತ್ತ ಬಂದಿತು. ನನ್ನ ಹೆಂಡತಿ ಒಂದು ದಿನ ಟ್ರಂಕಿನ ಧೂಳು ಒರೆಸುತ್ತ ಕೇಳಿದಳು: “ರೀ, ಇಷ್ಟೊಂದು ಟೈಮ್ ಇಟ್ಕೊಂಡಿದ್ದೀರಲ್ಲ, ಮನೆ ಕೆಲಸಕ್ಕೆ ಮಾತ್ರ ನಿಮಗೆ ಯಾವತ್ತೂ ಟೈಮೇ ಇಲ್ವಲ್ಲ?” ನನ್ನ ಬಳಿ ಉತ್ತರವಿರಲಿಲ್ಲ.

ಆದರೂ ಸಂಖ್ಯೆಯ ಪಕ್ಷವನ್ನು ವಹಿಸಿ ಒಂದು ಮಾತು ಹೇಳಲೇಬೇಕು. ಅಗ್ಗದ ವಾಚುಗಳೇ ನನ್ನ ಪಾಠಶಾಲೆಯಾದವು. ಹಳೆಯ ಡಯಲಿಗೆ ಹೊಸ ಬಣ್ಣ ಬಳಿದು, ಕಾರ್ಖಾನೆಯು ಎಂದೂ ತಯಾರಿಸದ ಕೆಂಪು ಹಸುರು ಮುಖಗಳನ್ನು ಅಂಟಿಸಿ ಮಾರುವವರುಂಟು. ಮೊದಲ ವರ್ಷ ನಾನು ಅಂಥವನ್ನೇ ಆಸೆಪಟ್ಟು ಕೊಂಡೆ. ನಾಲ್ಕುನೂರು ರೂಪಾಯಿಯ ತಪ್ಪು ನಾಲ್ಕುನೂರು ರೂಪಾಯಿಯ ವಿದ್ಯೆಯಾಯಿತು. ಅಕ್ಷರದ ಅಂಚು ಹೇಗಿರಬೇಕು, ಮುಳ್ಳಿನ ಉದ್ದ ಎಲ್ಲಿಗೆ ಮುಟ್ಟಬೇಕು ಎಂಬುದನ್ನು ಹತ್ತು ವಾಚುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವನೇ ಬಲ್ಲ. ಕಣ್ಣು ಪಳಗುವ ಮೊದಲೇ ಬೆಲೆಬಾಳುವ ವಾಚಿಗೆ ಕೈಚಾಚುವವನು ಅದೇ ತಪ್ಪನ್ನು ಅರ್ಧ ಲಕ್ಷಕ್ಕೆ ಮಾಡಿಯಾನು.

ಇಂಥ ಸಮಯದಲ್ಲಿ ಬೆಂಗಳೂರಿನ ಪರಿಚಯಸ್ಥರೊಬ್ಬರು ನನಗೊಂದು ಆಸೆ ತೋರಿಸಿದರು. ಅವರ ಬಳಿ ಅರುವತ್ತರ ದಶಕದ ಸ್ವಿಸ್ ಒಮೆಗಾ ವಾಚೊಂದಿತ್ತು. ಬೆಲೆ 48,000 ರೂಪಾಯಿ. ಅವರೆಂದರು: “ಮೇಷ್ಟ್ರೇ, ಮೂವತ್ತು ವಾಚು ಇದೆ ಅಂದ್ರೆ ಜನ ನಿಮ್ಮನ್ನ ಗುಜರಿಯವರು ಅಂತಾರೆ. ಇದೊಂದು ಕೈಲಿದ್ರೆ ನೋಡಿ, ಅದರ ಗತ್ತೇ ಬೇರೆ.” ಆ ಮಾತು ನನ್ನನ್ನು ಚುಚ್ಚಿತು. ವಾಚನ್ನು ಕೈಯಲ್ಲಿ ಹಿಡಿದು ನೋಡಿದೆ. ಅದರ ಕೆಲಸಗಾರಿಕೆಯಲ್ಲಿ ಸುಳ್ಳಿರಲಿಲ್ಲ. ಕಣ್ಣಿಗೆ ಕಾಣದ ಒಳಭಾಗವನ್ನೂ ಹೊರಭಾಗದಷ್ಟೇ ನಯಗೊಳಿಸಿದ್ದರು. ಹೆಸರೆಲ್ಲವೂ ಬರಿಯ ಬೂಟಾಟಿಕೆ ಎನ್ನುವವರು ಅಂಥದೊಂದನ್ನು ಬಿಚ್ಚಿ ನೋಡಿಲ್ಲವೆಂದೇ ತೋರುತ್ತದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ತಂದೆಯವರದನ್ನು ಬಿಟ್ಟು ಉಳಿದ 30 ನ್ನು ಮಾರಿದರೆ ಸುಮಾರು 30,000 ರೂಪಾಯಿ. ಕೊರತೆ ಬೀಳುವ 18,000 ಕ್ಕೆ ಚೀಟಿಯ ಹಣವಿತ್ತು. ಆ ಹಣವನ್ನು ಎತ್ತಿದ್ದುದು ಮಾಳಿಗೆಯ ಸೋರಿಕೆಯನ್ನು ನಿಲ್ಲಿಸುವುದಕ್ಕೆ. ‘ಸೋರುವ ಮಾಳಿಗೆ ಎಲ್ಲಿಗೂ ಓಡಿಹೋಗದು, ವಾಚು ಕೈತಪ್ಪಿ ಹೋದೀತು’ ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ಗಾರೆಯವನಿಗೆ ಮುಂದಿನ ತಿಂಗಳು ಬರಹೇಳಿದೆ.

ಅಷ್ಟರಲ್ಲಿ ಹಿಂಗಾರು ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿಯಿತು. ಐದನೆಯ ದಿನ ತಂದೆಯವರ ತಿಥಿ. ಹಿಂದಿನ ಸಂಜೆ ತಾಯಿಯವರು, “ಅಪ್ಪನ ವಾಚು ತೆಗೆದುಕೊಡಪ್ಪ, ಫೋಟೋ ಹತ್ರ ಇಡೋಣ” ಎಂದರು. ನಾನು ಟ್ರಂಕನ್ನು ತೆರೆದೆ. ಮಾಳಿಗೆಯ ನೀರು ಗೋಡೆಗುಂಟ ಇಳಿದು, ಟ್ರಂಕಿನ ಹಿಂಬದಿಯ ಕೀಲುಗಳೊಳಗಿಂದ ನುಗ್ಗಿತ್ತು. ಮೇಲ್ಗಡೆಯ ತಟ್ಟೆಯಲ್ಲಿದ್ದ, ಇತ್ತೀಚೆಗೆ ಕೊಂಡ ವಾಚುಗಳಿಗೆ ಏನೂ ಆಗಿರಲಿಲ್ಲ. ತಂದೆಯವರದು ಎಲ್ಲಕ್ಕಿಂತ ಮೊದಲು ಬಂದದ್ದಾದುದರಿಂದ ಎಲ್ಲಕ್ಕಿಂತ ಕೆಳಗಿತ್ತು. ಗಾಜಿನೊಳಗೆ ಮಂಜು ಕವಿದಿತ್ತು. ಕೀ ತಿರುಗಿಸಿದೆ, ತಿರುಗಲಿಲ್ಲ. ಆಗ ನೆನಪಾಯಿತು: ಅದಕ್ಕೆ ಕೀ ಕೊಟ್ಟು ಏಳು ತಿಂಗಳಾಗಿತ್ತು.

ತಾಯಿಯವರು ಅದನ್ನು ಸೆರಗಿನಿಂದ ಒರೆಸಿ ಕಿವಿಗೆ ಹಿಡಿದರು. ಒಂದು ಕ್ಷಣ ಸುಮ್ಮನಿದ್ದು, “ನೀನು ವಾಚು ಕೂಡಿಡ್ತೀಯ ಅಂತ ಊರೆಲ್ಲ ಹೇಳ್ತಾರೆ ಕಣಪ್ಪ. ಇದೊಂದನ್ನ ನೋಡ್ಕೊಳ್ಳೋಕಾಗ್ಲಿಲ್ವಾ?” ಎಂದರು. ಗದರಿಸಿ ಹೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ತಿಥಿ ಮುಗಿದ ಮಾರನೆಯ ದಿನ ಬಸ್ ನಿಲ್ದಾಣದ ಬಳಿಯ ರಿಪೇರಿ ಅಂಗಡಿಯ ಹಿರಿಯರ ಬಳಿಗೆ ಓಡಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ಬಿಚ್ಚಿದರು. ಕೂದಲೆಳೆಯಷ್ಟು ತೆಳುವಾದ ಸ್ಪ್ರಿಂಗಿಗೆ ತುಕ್ಕು ಹಿಡಿದಿತ್ತು. ಎಣ್ಣೆ ಒಣಗಿ ಅಂಟಾಗಿತ್ತು. “ಮೇಷ್ಟ್ರೇ, ವಾಚಿಗೂ ಹಸುವಿಗೂ ಒಂದೇ ನ್ಯಾಯ. ದಿನಾ ಮೈ ಮುಟ್ಟಬೇಕು. ಕಟ್ಟಿಹಾಕಿ ಮರೆತ್ರೆ ಎರಡೂ ಉಳಿಯಲ್ಲ” ಎಂದರು. ಬೇರೊಂದು ಜನತಾ ವಾಚು ಇದ್ದರೆ ತರುವಂತೆ ಹೇಳಿದರು. ನನ್ನ ಬಳಿ ನಾಲ್ಕು ಇದ್ದವು. ಅವುಗಳಲ್ಲಿ ಒಂದರ ಅಂಗಾಂಗಗಳನ್ನು ತೆಗೆದು ತಂದೆಯವರದಕ್ಕೆ ಜೋಡಿಸಿದರು. ಹತ್ತನೆಯ ದಿನ ಅದು ಮತ್ತೆ ಉಸಿರಾಡಿತು. ಸಂಖ್ಯೆಯಿಂದ ಕೆಟ್ಟದ್ದು ಸಂಖ್ಯೆಯಿಂದಲೇ ಉಳಿಯಿತು, ಇದನ್ನೂ ಮರೆಮಾಚಬಾರದು.

ಆ ಹತ್ತು ದಿನಗಳಲ್ಲಿ ನಾನು ಬಹಳವಾಗಿ ಯೋಚಿಸಿದೆ. ಅಮೆರಿಕದ ಚಿತ್ರನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ವಾಚೊಂದು 2017 ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅದು ಬಂಗಾರದ್ದಲ್ಲ, ಉಕ್ಕಿನದು. ಮೋಟಾರು ಪಂದ್ಯದ ಹುಚ್ಚಿದ್ದ ಗಂಡನಿಗೆ, ಜಾಗ್ರತೆಯಾಗಿ ಓಡಿಸಿರೆಂಬ ಮಾತನ್ನು ಹೆಂಡತಿ ಅದರ ಹಿಂಬದಿಯಲ್ಲಿ ಕೆತ್ತಿಸಿಕೊಟ್ಟಿದ್ದಳು. ಅಷ್ಟು ಹಣ ತೆತ್ತವರು ಉಕ್ಕಿಗೆ ತೆರಲಿಲ್ಲ; ಆ ಕೈಗೆ, ಆ ಮಾತಿಗೆ ತೆತ್ತರು. 2019 ರಲ್ಲಿ ಜಿನೀವಾದಲ್ಲಿ, ಸ್ನಾಯುಕ್ಷಯ ರೋಗದ ಸಂಶೋಧನೆಯ ಸಹಾಯಾರ್ಥ ನಡೆದ ಹರಾಜಿನಲ್ಲಿ ಪಾಟೆಕ್ ಫಿಲಿಪ್ ವಾಚೊಂದಕ್ಕೆ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕು ಬಂದಿತು. ಅಲ್ಲಿ ಒಂದು ವಾಚಿಗೆ ಮೂವತ್ತೊಂದು ಮಿಲಿಯ. ಇಲ್ಲಿ ನನ್ನ ಟ್ರಂಕಿನಲ್ಲಿ ಮೂವತ್ತೊಂದು ವಾಚು! ಪ್ರತಿಷ್ಠೆಯ ಏಣಿಗೆ ಕೊನೆಯ ಮೆಟ್ಟಿಲೆಂಬುದಿಲ್ಲ. 48,000 ದ ಒಮೆಗಾ ಆ ಏಣಿಯ ತೀರ ಕೆಳಗಿನ ಮೆಟ್ಟಿಲು. ಅದನ್ನು ಕೊಂಡಿದ್ದರೆ, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ನಾನು ಗೀರು ಬಿದ್ದೀತೆಂಬ ಭಯದಿಂದ ಅದನ್ನು ಬೀರುವಿನಲ್ಲಿಯೇ ಇಡುತ್ತಿದ್ದೆ. ಟ್ರಂಕಿನಲ್ಲಿ ಮರೆತ ವಾಚಿಗೂ ಬೀರುವಿನಲ್ಲಿ ಅಡಗಿದ ವಾಚಿಗೂ ಗತಿ ಒಂದೇ. ತಂದೆಯವರ ವಾಚಿಗಾದರೋ ಹರಾಜಿನಲ್ಲಿ ಕೂಗುವವರು ಯಾರೂ ಇಲ್ಲ. ಕೂಗುವವನು ನಾನೊಬ್ಬನೇ, ನಾನೇ ಅದನ್ನು ಏಳು ತಿಂಗಳು ಮರೆತಿದ್ದೆ.

ಹಾಗಾದರೆ ಎಷ್ಟಿರಬೇಕು? ಇದಕ್ಕೂ ಲೆಕ್ಕವೇ ದಾರಿ ತೋರಿಸಿತು. ಕೀ ಕೊಡುವ ವಾಚನ್ನು ನಾಲ್ಕೈದು ವರ್ಷಗಳಿಗೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಬೇಕು. ನಮ್ಮ ಹಿರಿಯರು ಅದಕ್ಕೆ 600 ರೂಪಾಯಿ ತೆಗೆದುಕೊಳ್ಳುತ್ತಾರೆ. 31 ವಾಚಿಗೆ 18,600. ನಾನು ಈ ಹವ್ಯಾಸಕ್ಕೆಂದು ನಿಶ್ಚಿಂತೆಯಿಂದ ತೆಗೆದಿಡಬಹುದಾದದ್ದು ವರ್ಷಕ್ಕೆ 1,000. ನಾಲ್ಕು ವರ್ಷಕ್ಕೆ 4,000. ಅದನ್ನು 600 ರಿಂದ ಭಾಗಿಸಿದರೆ ಭಾಗಲಬ್ಧ 6, ಶೇಷ 400. ಆ ಶೇಷ ಬೆಲ್ಟುಗಳಿಗಾಯಿತು. ಭಾನುವಾರದ ಹೊರತು ವಾರದ ದಿನಗಳೂ ಆರೇ. ದಿನಕ್ಕೊಂದರಂತೆ ಕಟ್ಟಿದರೆ ಯಾವುದೂ ಕೈ ಕಾಣದೆ ಉಳಿಯದು.

ಆರನ್ನು ಆರಿಸಿದೆ: ತಂದೆಯವರ ಜನತಾ, ನನ್ನ ಮೊದಲ ಸಂಬಳದಲ್ಲಿ ಕೊಂಡ ಟೈಟನ್, ಒಂದು ಪೈಲಟ್, ಒಂದು ಸೋನಾ, ಒಂದು ಕಾಂಚನ, ಒಂದು ಜವಾನ್. ಒಂದು ಜನತಾ ತನ್ನ ಅಂಗಾಂಗಗಳನ್ನು ಕೊಟ್ಟು ಮುಗಿದಿತ್ತು. ಹದಿನಾರನ್ನು, ಯಾವ ಭಾಗ ಮೂಲದ್ದು ಯಾವುದು ಬದಲಾದದ್ದು ಎಂಬುದನ್ನು ಹೇಳಿಯೇ ಮಾರಿದೆ. ಬಂದ ಹಣ ಚೀಟಿಯ ಹಣದೊಡನೆ ಸೇರಿ ಮಾಳಿಗೆಯನ್ನೇರಿತು. ಉಳಿದ ಎಂಟು ಬಣ್ಣ ಬಳಿದವು. ಅಸಲಿಯೆಂದು ಮಾರಲು ಮನಸ್ಸಾಗಲಿಲ್ಲ. ಅವನ್ನು ಶಾಲೆಗೆ ಒಯ್ದೆ.

ಅಲ್ಲಿ ಅವುಗಳಿಗೆ ಹೊಸ ಜನ್ಮ ಬಂದಿತು. ಇಂದಿನ ಮಕ್ಕಳು ಕಾಲವನ್ನು ಮನೆಯವರ ಫೋನಿನ ಅಂಕಿಗಳಲ್ಲಿ ನೋಡಿದವರು. ‘ನೈನ್ ಫಾರ್ಟಿಫೈವ್’ ಎನ್ನುವರೇ ಹೊರತು ‘ಒಂಬತ್ತೂಮುಕ್ಕಾಲು’ ಎಂಬುದು ಅವರ ಬಾಯಿಗೆ ಬರುತ್ತಿರಲಿಲ್ಲ. ಇಬ್ಬಿಬ್ಬರಿಗೆ ಒಂದೊಂದು ವಾಚು ಕೊಟ್ಟು ಮುಳ್ಳು ತಿರುಗಿಸಲು ಹೇಳಿದೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು ದೊಡ್ಡ ಮುಳ್ಳನ್ನು ಒಂಬತ್ತರ ಮೇಲೆ ನಿಲ್ಲಿಸಿ, “ಸಾರ್, ಮುಕ್ಕಾಲು ಅಂದ್ರೆ ಇನ್ನೂ ಕಾಲು ಉಳಿದಿದೆ ಅಂತಲ್ವಾ?” ಎಂದಳು. ಕಾಲು, ಅರೆ, ಮುಕ್ಕಾಲು ಎಂಬ ನಮ್ಮ ಮಾತುಗಳಿಗೆ ಆ ವೃತ್ತವೇ ಮನೆ. ಅಂಕಿ ಮಾತ್ರ ಉಳಿದು ವೃತ್ತ ಮರೆಯಾದರೆ ಆ ಮಾತುಗಳೂ ನೆಲೆ ತಪ್ಪುವುವು.

ಗಡಿನಾಡಿನ ನಮ್ಮ ಶಾಲೆಗಳನ್ನು ನೋಡಬರುವವರು ಎರಡೇ ಪ್ರಶ್ನೆಗಳನ್ನು ಕೇಳುತ್ತಾರೆ: ಮಕ್ಕಳೆಷ್ಟು? ಹೆಸರೆಷ್ಟು? ನನ್ನ ಮುಂದೆ ಕುಳಿತಿರುವವರು 16 ಮಂದಿ. ಹೆಸರಂತೂ ಪಕ್ಕದ ಊರಿಗೂ ತಿಳಿಯದು. ಮೊದಲು ಆ ಪ್ರಶ್ನೆಗಳಿಗೆ ತಲೆತಗ್ಗಿಸುತ್ತಿದ್ದೆ. ಈಗ ಮನಸ್ಸಿನಲ್ಲಿಯೇ ಮೂರನೆಯ ಪ್ರಶ್ನೆಯೊಂದನ್ನು ಕೇಳಿಕೊಳ್ಳುತ್ತೇನೆ: ಈ ಹದಿನಾರರಲ್ಲಿ ಇಂದು ನಾನು ಮುಟ್ಟದೆ ಬಿಟ್ಟವರು ಯಾರಾದರೂ ಉಂಟೆ?

ಒಮೆಗಾದ ಆಸೆ ಸತ್ತುಹೋಯಿತೆಂದರೆ ಸುಳ್ಳಾದೀತು. ನಿವೃತ್ತಿಯ ಕಾಲಕ್ಕೆ ನೋಡೋಣವೆಂದು ಅದನ್ನು ಒಂದು ಮೂಲೆಯಲ್ಲಿ ಕೂರಿಸಿದ್ದೇನೆ. ಅದು ಬಂದರೆ ಆರರಲ್ಲಿ ಒಂದು ಹೋಗಬೇಕು, ಕರಾರು ಅಷ್ಟೆ. ಸೋಮವಾರ ತಂದೆಯವರ ವಾಚಿನ ಸರದಿ. ಅದು ದಿನಕ್ಕೆ ಒಂದು ನಿಮಿಷ ಮುಂದೆ ಓಡುತ್ತದೆ. ಅದನ್ನು ನೋಡಿ ಗಂಟೆ ಹೊಡೆದ ಸೋಮವಾರ ನಮ್ಮ ಮಕ್ಕಳು ಆಟಕ್ಕೆ ಒಂದು ನಿಮಿಷ ಮೊದಲೇ ಓಡುತ್ತಾರೆ. ಇದುವರೆಗೆ ಯಾರೂ ದೂರಿಲ್ಲ.