ಅಪ್ಪನ ಚರ್ಚು, ಮಗನ ಶಾಸನ

ಬೆಂಗಳೂರಿನ ಬಳೇಪೇಟೆಗೆ ಬರುವವರಿಗೆ ರಂಗನಾಥಸ್ವಾಮಿಯ ಹತ್ತಿರ ಕೆಲಸ ಇರುವುದು ಕಡಿಮೆ. ಒಬ್ಬರಿಗೆ ಧಾರೆ ಸೀರೆ ಬೇಕು, ಇನ್ನೊಬ್ಬರಿಗೆ ಮಗಳು ಕೇಳಿದ ವೀಣೆ ಬೇಕು. ಅಂಗಡಿಗಳ ಸಾಲಿನಲ್ಲಿ ದೇವಸ್ಥಾನವೂ ಒಂದು ಮಳಿಗೆಯೇನೋ ಎಂಬಂತೆ ದಾಟಿಬಿಡುತ್ತಾರೆ. ಒಳಗೆ ಕಾಲಿಟ್ಟವರಿಗೆ ವಿಜಯನಗರದ ಕಾಲದ ಕಲ್ಲುಕಂಬಗಳು ಎದುರಾಗುತ್ತವೆ. ಇಂಗ್ಲೆಂಡಿನ ಹಳ್ಳಿಗಳಿಗೆ ಅವುಗಳ ಹಳೆಯ ಚರ್ಚು ಹೇಗೋ, ನಮ್ಮ ಪೇಟೆಗೆ ಈ ಗುಡಿ ಹಾಗೆ: ಊರಿನ ವಯಸ್ಸು ಕೇಳಬೇಕಾದದ್ದು ಇದನ್ನೇ.

ಈ ಗುಡಿಗೆ ಒಂದು ಊರನ್ನು ದಾನವಾಗಿ ಬಿಟ್ಟುಕೊಟ್ಟ ಶಾಸನ 1628ರದು. ಇಂಥ ದಾನಗಳು ಸೂರ್ಯಚಂದ್ರರಿರುವ ತನಕ ನಡೆಯಲಿ ಎಂದು ಹರಸುವುದು ವಾಡಿಕೆ. ಹತ್ತು ವರ್ಷ ಕಳೆದು 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ದಂಡೆತ್ತಿ ಬಂದ. ಕೆಂಪೇಗೌಡರ ವಂಶ ಬೆಂಗಳೂರು ಬಿಟ್ಟು ಮಾಗಡಿ ಸೇರಿತು. ಸೂರ್ಯಚಂದ್ರರು ಇದ್ದೇ ಇದ್ದರು, ದೇವರೂ ಇದ್ದಲ್ಲೇ ಇದ್ದ.

ಈ ದಾನಶಾಸನವೂ ಸೇರಿದಂತೆ ಬೆಂಗಳೂರು ಜಿಲ್ಲೆಯ ಶಾಸನಗಳನ್ನೆಲ್ಲ ಕೂಡಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟವಾಗಿ ಅಚ್ಚು ಹಾಕಿಸಿದವರು ಬಿ. ಎಲ್. ರೈಸ್. ಕಲ್ಲಿನ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ಸವರಿ ಪಡಿಯಚ್ಚು ತೆಗೆಯುವ ಕೆಲಸವದು. ಭಕ್ತಿಯಿಂದ ಎಣ್ಣೆ ಅರಿಶಿನ ಬಳಿದ ಕಲ್ಲಾದರೆ ಕೇಳುವುದೇ ಬೇಡ. ಶಾಸನಕ್ಕೆ ನಮ್ಮ ಭಕ್ತಿಯಷ್ಟು ಕಾಟ ಮಳೆಯೂ ಕೊಟ್ಟಿರಲಾರದು. ಕನ್ನಡ ಪಂಡಿತರ ನೆರವಿನಿಂದ ರೈಸ್ ಹೀಗೆ ಸಾವಿರಾರು ಶಾಸನ ಬೆಳಕಿಗೆ ತಂದರು. 'ಪಂಪಭಾರತ'ವನ್ನು 1898ರಲ್ಲಿ ಅಚ್ಚಿಗೆ ಕೊಟ್ಟವರೂ ಅವರೇ. ಇಂಥವರನ್ನು ಪರದೇಶದವರು ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಹುಟ್ಟಿದ್ದೇ ಬೆಂಗಳೂರಿನಲ್ಲಿ, 1837ರಲ್ಲಿ.

ಅಪ್ಪ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನ್ನಿನ ಪಾದ್ರಿ. ಕನ್ನಡ ಕಲಿತು, ಪೇಟೆಯ ಮಕ್ಕಳ ಓದಿಗಾಗಿ ದುಡಿದವರು. ಬಳೇಪೇಟೆಯಿಂದ ಚಿಕ್ಕಪೇಟೆ ಹಾದು, ತಲೆಹೊರೆಯವರಿಗೆ ದಾರಿ ಬಿಡುತ್ತ ದೊಡ್ಡಪೇಟೆಗೆ, ಅಂದರೆ ಈಗಿನ ಅವೆನ್ಯೂ ರಸ್ತೆಗೆ ಬಂದರೆ ಅವರ ಹೆಸರಿನ ರೈಸ್ ಮೆಮೋರಿಯಲ್ ಚರ್ಚ್ ಸಿಗುತ್ತದೆ. ಮಿಷನ್ನಿನ ಹಳೆಯ ಕನ್ನಡ ಪ್ರಾರ್ಥನಾಮಂದಿರ ಇದ್ದ ಜಾಗದಲ್ಲೇ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಎದ್ದ ಕಟ್ಟಡ ಇದು.

ಅಪ್ಪ ಬೈಬಲ್ ಹಿಡಿದು ಬಂದ ಪೇಟೆಯಲ್ಲೇ ಮಗ ರಂಗನಾಥನ ದಾನಪತ್ರವನ್ನು ಅಕ್ಷರ ಬಿಡದೆ ಓದಿಸಿಟ್ಟ. ಮನೆಯಲ್ಲಿ ಈ ಬಗ್ಗೆ ಮಾತುಕತೆ ಹೇಗಿತ್ತೋ! ನಮ್ಮ ಮನೆಗಳಲ್ಲಾದರೆ ಪಂಚಾಯ್ತಿ ಕೂರುತ್ತಿತ್ತು.

ಗುಡಿ, ಚರ್ಚು ಎರಡನ್ನೂ ನೋಡಲು ಭಾನುವಾರ ಬೆಳಗ್ಗೆಯೇ ಹೋಗಬೇಕು. ಅವೆನ್ಯೂ ರಸ್ತೆಯಲ್ಲಿ ಮುಚ್ಚಿದ ಷಟರುಗಳ ಮುಂದೆ ಹಳೇ ಪುಸ್ತಕದವರು ಹರಡಿಕೊಂಡಿರುತ್ತಾರೆ. ಆ ಒಂಬತ್ತನೆಯ ಸಂಪುಟ ಕಣ್ಣಿಗೆ ಬಿದ್ದರೆ ಹೆಚ್ಚು ಚೌಕಾಸಿ ಮಾಡದೆ ಎತ್ತಿಕೊಳ್ಳಿ. ಇಲ್ಲವೇ ನನಗೊಂದು ಫೋನು ಮಾಡಿ.