ತಿಪಟೂರಿನ ನಕ್ಷತ್ರಿಕ

ಕೆಂಕೆರೆಯ ಈ ಮನೆಯಲ್ಲಿ ಅಟ್ಟದಿಂದ ಕಾಯಿ ಇಳಿಸುತ್ತಿದ್ದಾರೆ. ಹೆಚ್ಚುಕಡಿಮೆ ವರ್ಷವಿಡೀ ಮೇಲೆಯೇ ಒಣಗಿದ ಕಾಯಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಲೊಟಲೊಟ ಉರುಳುತ್ತದೆ. ಅಂಗಳದ ತುಂಬ ಸಿಪ್ಪೆ, ಕರಟ, ಮೂಗಿಗೇರುವ ನಾರಿನ ದೂಳು. ಕೂರಬೇಕೆಂದರೆ ಆ ಚೀಲ ಸರಿಸಿಕೊಳ್ಳಿ. ಮೊಬೈಲು ಒರಗಿಸಿರುವ ಚೀಲವನ್ನು ಮಾತ್ರ ಮುಟ್ಟಬೇಡಿ. ಮೊಬೈಲಿನಲ್ಲಿ ‘ಸತ್ಯ ಹರಿಶ್ಚಂದ್ರ’ ಓಡುತ್ತಿದೆ, 1965ರ ಚಿತ್ರ.

ರಾಜ್ಯ ಕಳೆದುಕೊಂಡ ರಾಜ್‌ಕುಮಾರ್, ಪಂಡರಿಬಾಯಿ. ಬೆನ್ನಿಗೇ ವಿಶ್ವಾಮಿತ್ರ ಸಾಲ ವಸೂಲಿಗೆ ಅಂಟಿಸಿದ ಶಿಷ್ಯ ನಕ್ಷತ್ರಿಕ. ಅವನು ಬಾಯಿ ತೆರೆದದ್ದೇ ತಡ, ಇಲ್ಲಿ ಮಚ್ಚುಗಳು ನಿಲ್ಲುತ್ತವೆ.

“ನಮ್ ತಿಪ್ಟೂರೋನು ಕಣವ್ವ,” ಎನ್ನುತ್ತಾರೆ ಜಗಲಿಯ ಮೇಲಿನ ಅಜ್ಜ.

“ಆ ಹಲ್ಲು ನೋಡಜ್ಜ!” ಸೊಸೆ ನಗುತ್ತಾಳೆ.

ಎಲ್ಲರೂ ಮೊದಲು ನೋಡುವುದು ಆ ಹಲ್ಲನ್ನೇ. ನೀವು ಸ್ವಲ್ಪ ಕಾಲನ್ನು ನೋಡಿ. ಬಿಸಿಲಿಗೆ ಬಳಲಿದವನಂತೆ ಎಳೆದು ಹಾಕುವ ಹೆಜ್ಜೆ, ಸಾಲದ ಮಾತು ಬಂದೊಡನೆ ಚುರುಕಾಗುತ್ತದೆ. ಇದು ಕ್ಯಾಮೆರಾ ಕಲಿಸಿದ್ದಲ್ಲ. ನಕ್ಷತ್ರಿಕನ ಪಾತ್ರ ಮಾಡಿದ ಟಿ.ಆರ್. ನರಸಿಂಹರಾಜು 1923ರಲ್ಲಿ ತಿಪಟೂರಿನಲ್ಲಿ ಹುಟ್ಟಿದರು. ಹಾಲುಹಲ್ಲಿನ ವಯಸ್ಸಿಗೇ ಬಣ್ಣ ಹಚ್ಚಿದರು. ಆಮೇಲೆ ನಾಟಕ ಕಂಪನಿಯಿಂದ ಕಂಪನಿಗೆ, ಊರಿಂದ ಊರಿಗೆ. ಕಡೆಯ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ನಗು ಮುಟ್ಟಬೇಕಿತ್ತು, ಮುಟ್ಟದಿದ್ದರೆ ಆ ರಾತ್ರಿಯೇ ಗೊತ್ತಾಗುತ್ತಿತ್ತು. ಹಾಸ್ಯದ ಪಾತ್ರಧಾರಿಗೆ ಅದಕ್ಕಿಂತ ಕಟುವಾದ ಪರೀಕ್ಷೆ ಇಲ್ಲ.

ಸಿನಿಮಾ ಕರೆದದ್ದು ಮೂವತ್ತು ತುಂಬಿದ ಮೇಲೆ. 1954ರ ‘ಬೇಡರ ಕಣ್ಣಪ್ಪ’, ಎಚ್.ಎಲ್.ಎನ್. ಸಿಂಹ ನಿರ್ದೇಶನ. ರಾಜ್‌ಕುಮಾರ್ ನಾಯಕರಾದ ಮೊದಲ ಚಿತ್ರವೂ ಅದೇ. ಇಬ್ಬರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ಆ ಒಂದು ಚಿತ್ರದಿಂದ ಮುಂದೆ ಎಲ್ಲ ಸರಾಗ: ನಾಯಕ ಯಾರೇ ಇರಲಿ, ನರಸಿಂಹರಾಜು ಇರಲೇಬೇಕು. ಮೊದಲು ಅವರ ಕಾಲ್‌ಶೀಟ್ ಹಿಡಿದು ಆಮೇಲೆ ಉಳಿದವರನ್ನು ಗೊತ್ತು ಮಾಡುತ್ತಿದ್ದರು ಎಂಬ ಮಾತು ಗಾಂಧಿನಗರದಲ್ಲಿ ಹಳೆಯದು. 1974ರಲ್ಲಿ ‘ಪ್ರೊಫೆಸರ್ ಹುಚ್ಚುರಾಯ’ ಚಿತ್ರದಲ್ಲಿ ತಾವೇ ನಾಯಕರಾದರು, ಹಣ ಹಾಕಿದವರೂ ಅವರೇ.

“ಅಯ್ಯೋ, ಪಾಪ ಆ ರಾಜನ್ನ ಬಿಡೋ!” ಸೊಸೆ ಮೊಬೈಲಿಗೇ ಗದರುತ್ತಾಳೆ. ಅಜ್ಜ ಕೆಮ್ಮುತ್ತ ನಗುತ್ತಾರೆ. ಹೊರಗೆ ಸಾಹುಕಾರರ ಗಾಡಿ ಹಾರನ್ ಹೊಡೆಯುತ್ತಿದೆ, ಯಾರೂ ಏಳುತ್ತಿಲ್ಲ.

ತೆರೆಯ ಮೇಲಿನ ಈ ಮನುಷ್ಯನಿಗೆ ಆಗ ನಲವತ್ತರ ಮೇಲಾಗಿತ್ತು. 1979ರ ಜುಲೈನಲ್ಲಿ ತೀರಿಕೊಂಡಾಗ ಇನ್ನೂ 56 ತುಂಬಿರಲಿಲ್ಲ. ಸಿನಿಮಾಕ್ಕೆ ಸಿಕ್ಕಿದ್ದು ಬರೀ 25 ವರ್ಷ. ನಾಟಕ ಅದಕ್ಕಿಂತ ಮೊದಲೇ, ಅದಕ್ಕಿಂತ ಹೆಚ್ಚು ವರ್ಷ ಅವರನ್ನು ದುಡಿಸಿಕೊಂಡಿತ್ತು.